ಓಣಿಯೆಲ್ಲ ಉಂಡ ಬುತ್ತಿ

2022ನೇ ಇಸವಿ. ಘಟಪ್ರಭಾದ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡಯಟೀಶಿಯನ್, ಅಂದರೆ ರೋಗಿಗಳಿಗೆ ಆಹಾರದ ಸಲಹೆ ಕೊಡುವವಳು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಹುಕ್ಕೇರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಡಯಟೀಶಿಯನ್ ಎಂಬ ಮಾತು ನಮ್ಮ ಕಡೆಯವರ ಬಾಯಿಗೆ ಒಗ್ಗಲಿಲ್ಲ. ಎಲ್ಲರಿಗೂ ನಾನು ಊಟದ ಮೇಡಮ್. ಕ್ಯಾಂಟೀನು ನನ್ನದೇ ಎಂದುಕೊಂಡು, ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ನನ್ನ ಮುಂದೆ ದೂರು ಹೇಳಿದವರೂ ಇದ್ದಾರೆ. ಸಕ್ಕರೆ ಕಡಿಮೆ ಮಾಡಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡವಳ ಮುಂದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಸಾಮಾನ್ಯವಾಗಿ ಅಷ್ಟೇ ಬೇಗ ಇಳಿದೂ ಹೋಗುತ್ತದೆ. ತುಕ್ಕಾನಟ್ಟಿಯ ಸುನಂದಾಳ ವಿಷಯದಲ್ಲಿ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ಆ ವರ್ಷದ ಫೆಬ್ರವರಿಯಲ್ಲಿ ಸುನಂದಾ ಅತ್ತೆಯ ಜೊತೆ ನಮ್ಮ ಆಸ್ಪತ್ರೆಗೆ ಬಂದಳು. ಇಪ್ಪತ್ನಾಲ್ಕರ ಹುಡುಗಿ, ಐದು ತಿಂಗಳ ಬಸುರಿ. ಹಿಮೋಗ್ಲೋಬಿನ್ 7.4 ಇತ್ತು. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಈ ಅಂಶ ಬಸುರಿಯಲ್ಲಿ ಹನ್ನೊಂದಾದರೂ ಇರಬೇಕು. ಅದಕ್ಕೂ ಹಿಂದೆ ಅವಳಿಗೆ ಒಂದು ಗಂಡು ಕೂಸು ಹುಟ್ಟಿತ್ತು. ದಿನ ತುಂಬುವ ಮೊದಲೇ, ಅಂಗೈಯಷ್ಟಾಗಿ ಹುಟ್ಟಿದ ಕೂಸು ಉಳಿಯಲಿಲ್ಲ. ಹೆರಿಗೆಯಲ್ಲಿ ತುಂಬ ರಕ್ತ ಹೋಗಿ ತಾಯಿಯನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತಂತೆ. ನಮ್ಮ ಹೆರಿಗೆ ವಿಭಾಗದ ಡಾಕ್ಟರು ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು, ಈ ಸಲವೂ ಹೀಗೇ ಆದರೆ ಕೂಸಿನ ಜೊತೆ ತಾಯಿಯೂ ಹೋಗಬಹುದು ಎಂದು ಬಿಡಿಸಿ ಹೇಳಿ, ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು ನನ್ನ ಕೋಣೆಗೆ ಕಳಿಸಿದರು.

ನಾನು ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಬೆಳಗ್ಗೆವರೆಗೆ ಏನೇನು ತಿಂದಿರಿ? ನಮ್ಮ ವೃತ್ತಿಯಲ್ಲಿ ಇದಕ್ಕೆ ಡಯಟ್ ರೀಕಾಲ್ ಎನ್ನುತ್ತಾರೆ. ಪ್ರಶ್ನೆ ಕೇಳಿದ್ದು ಸುನಂದಾಳಿಗೆ, ಉತ್ತರ ಕೊಟ್ಟಿದ್ದು ಅತ್ತೆ ಗಂಗವ್ವ. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಗಟ್ಟಿ ದನಿ.

"ಉಂತಾಳ್ರಿ, ಎಲ್ಲಾ ಉಂತಾಳು. ನಮ್ಮ ಮನ್ಯಾಗ ಉಣ್ಣಾಕೇನ್ ಬರಗಾಲ ಐತೇನ್ರಿ?"

ಬರಗಾಲ ಇರಲಿಲ್ಲ, ಖರೆ. ಎಮ್ಮೆ ಎರಡು, ಕಾಲುವೆ ನೀರಿನ ಹೊಲ, ಬದುವಿನಲ್ಲಿ ಮೆಂತ್ಯ, ರಾಜಗಿರಿ ಸೊಪ್ಪು, ಹಿತ್ತಲಲ್ಲಿ ನುಗ್ಗೆ, ಮನೆಯಲ್ಲೇ ಬೆಳೆದ ತೊಗರಿ, ಮಡಕಿ ಕಾಳು, ಶೇಂಗಾ. ಗಂಗವ್ವ ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಇಷ್ಟೆಲ್ಲ ಇರುವ ಮನೆಯ ಸೊಸೆಯ ಕಣ್ಣಿನ ಒಳರೆಪ್ಪೆ ಬಿಳಿ ಕಾಗದದ ಹಾಗಿತ್ತು. ಗುಳಿಗೆಯನ್ನು ಯಾವುದರ ಜೊತೆ ನುಂಗುತ್ತೀ ಎಂದು ಕೇಳಿದಾಗ ಮಾತ್ರ ಸುನಂದಾ ಬಾಯಿಬಿಟ್ಟಳು. ಚಹಾದ ಜೊತೆಯಂತೆ. ಹಳ್ಳಿಯ ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆಗಳನ್ನೂ ಚಹಾದಲ್ಲೇ ಮುಗಿಸಿದ್ದಳಂತೆ, ಯಾಕೆಂದರೆ ದಿನದಲ್ಲಿ ಅವಳು ಕುಳಿತುಕೊಳ್ಳುವುದು ಚಹಾ ಕುಡಿಯುವಾಗ ಮಾತ್ರ. ಆ ಮಾತನ್ನು ನಾನು ಇನ್ನಷ್ಟು ಕಿವಿಗೊಟ್ಟು ಕೇಳಬೇಕಿತ್ತು. ಆದರೆ ಚಹಾ ಎಂಬ ಶಬ್ದ ಕೇಳಿದ ಕೂಡಲೇ ನನಗೆ ಕಳ್ಳ ಸಿಕ್ಕಿಬಿದ್ದ ಖುಷಿಯಾಗಿತ್ತು.

ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಗುಳಿಗೆಗೂ ಒಂದು ತಾಸು ಹಿಂದೆ ಮುಂದೆ ಚಹಾ ಬೇಡ, ಗುಳಿಗೆ ನಿಂಬೆನೀರಿನ ಜೊತೆ ಇರಲಿ ಎಂದೆ. ಬೆಳಗ್ಗೆ ಚಹಾ, ಖಾರಿ ಬಿಸ್ಕೀಟಿನ ಬದಲು ಎರಡು ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ, ಅಗಸಿ ಚಟ್ನಿ. ಮಧ್ಯಾಹ್ನ ಸೊಪ್ಪಿನ ಪಲ್ಯ, ಮೊಳಕೆ ಬಂದ ಮಡಕಿ ಕಾಳು. ಸಂಜೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ. ರಾತ್ರಿ ಮಲಗುವಾಗ ಹಾಲು. ಪೇಟೆಯಿಂದ ತರುವಂಥದ್ದು ಇದರಲ್ಲಿ ಒಂದೂ ಇರಲಿಲ್ಲ. ಇದನ್ನೆಲ್ಲ ಸುನಂದಾಳ ಗಂಡ ಬಸವರಾಜನಿಗೂ ಹೇಳಿದೆ, ಮೇಲವಂಕಿಯಲ್ಲಿರುವ ತಾಯಿ ಶಿವವ್ವನಿಗೂ ಫೋನ್ ಹಚ್ಚಿ ಹೇಳಿದೆ. ಎರಡನೇ ಬಸುರಾದ್ದರಿಂದ ಸುನಂದಾ ಗಂಡನ ಮನೆಯಲ್ಲೇ ಇದ್ದಳು. ತಾಯಿ ಪಾಪ, ಅಲ್ಲಿಂದಲೇ ವಾರವಾರ ಮಾಡಿ ತಂದುಕೊಡುತ್ತೇನೆ ಎಂದಳು. ಗಂಡ ಮರುದಿನವೇ ಪೇಟೆಯಿಂದ ದೊಡ್ಡ ಡಬ್ಬಿ ಪ್ರೋಟೀನ್ ಪುಡಿ ತಂದು ನನಗೆ ತೋರಿಸಿದ. ಅದನ್ನು ವಾಪಸು ಕೊಟ್ಟು ಬಾ, ಮನೆಯಲ್ಲಿರುವುದನ್ನು ಹೆಂಡತಿಗೆ ಉಣಿಸು ಎಂದು ಗದರಿ ಕಳಿಸಿದೆ.

ಏಪ್ರಿಲ್‌ನಲ್ಲಿ ಮತ್ತೆ ಬಂದಾಗ ಹಿಮೋಗ್ಲೋಬಿನ್ 7.1 ಆಗಿತ್ತು. ಏರಿರಲಿಲ್ಲ, ಇಳಿದಿತ್ತು. ತೂಕ ಇದ್ದಲ್ಲೇ ಇತ್ತು. ಸ್ಕ್ಯಾನಿಂಗಿನಲ್ಲಿ ಕೂಸು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಡಾಕ್ಟರು ಇನ್ನು ಗುಳಿಗೆಯನ್ನು ನಂಬಿ ಕೂರುವಂತಿಲ್ಲ ಎಂದು ಕಬ್ಬಿಣಾಂಶವನ್ನು ನೇರ ನರಕ್ಕೆ ಕೊಡುವ ಡ್ರಿಪ್ ಶುರು ಮಾಡಿದರು. ಆದರೆ ಡ್ರಿಪ್ಪಿನಲ್ಲಿ ಊಟ ಇರುವುದಿಲ್ಲ. ಕೂಸಿಗೆ ಮಾಂಸ, ಎಲುಬು ಬರಬೇಕಾದದ್ದು ತಾಯಿಯ ತಾಟಿನಿಂದಲೇ. ಅದನ್ನು ನೋಡಿಕೊಳ್ಳಬೇಕಾದವಳು ನಾನು.

ಆ ದಿನ ಶಿವವ್ವನೂ ಬಂದಿದ್ದಳು. ಏನು ತಂದುಕೊಡುತ್ತಿದ್ದೀ ಎಂದು ಕೇಳಿದೆ. ಸಜ್ಜೆ ರೊಟ್ಟಿ, ಮಡಕಿ ಉಸಳಿ, ಶೇಂಗಾ ಹೋಳಿಗೆ, ಅಂಟು ಕೊಬ್ಬರಿ ಹಾಕಿದ ಉಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಪ್ರತಿ ವಾರ ಬುಟ್ಟಿ ತುಂಬ, ತಪ್ಪದೆ. ಗಂಗವ್ವನೂ ಹೌದು ಹೌದು, ಬೀಗತಿ ಕೈ ದೊಡ್ಡದು ಎಂದು ಹೊಗಳಿದರು. ಹಾಗಾದರೆ ಈ ಹುಡುಗಿ ಒಣಗುತ್ತಿರುವುದು ಯಾಕೆ? ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಾಳೋ, ಜಂತುಹುಳ ಇದೆಯೋ ಎಂದು ನೋಡಿದೆವು. ಏನೂ ಇರಲಿಲ್ಲ. ಅತ್ತೆ ಔಷಧಿ ಅಂಗಡಿಗೆ ಹೋದಾಗ ಸುನಂದಾಳನ್ನು ಒಬ್ಬಳನ್ನೇ ಕೇಳಿದೆ, ತವರಿನ ಬುತ್ತಿ ನಿನಗೆ ಮುಟ್ಟುತ್ತದೋ ಇಲ್ಲವೋ?

"ಬರತೈತ್ರಿ. ಭಾಳ ಬರತೈತಿ," ಎಂದಳು. ಬಾಗಿಲ ಕಡೆ ಒಮ್ಮೆ ನೋಡಿ, "ಒಮ್ಮಿ ನೀವ ಬಂದ್ ನೋಡ್ರಿ," ಎಂದಳು.

ಮೇ ತಿಂಗಳಲ್ಲಿ ತುಕ್ಕಾನಟ್ಟಿಯಲ್ಲಿ ನಮ್ಮ ಆಸ್ಪತ್ರೆಯ ತಪಾಸಣಾ ಶಿಬಿರವಿತ್ತು. ಶಿವವ್ವ ಬುತ್ತಿ ತರುವ ದಿನವೂ ಅದೇ ಆಗಿತ್ತು. ಶಿಬಿರದ ನಡುವೆ ಬಿಡುವು ಮಾಡಿಕೊಂಡು ಗಂಗವ್ವನ ಮನೆಗೆ ಹೋದೆ. ಶಿವವ್ವ ಆಗಷ್ಟೇ ಬಸ್ಸಿಳಿದು ಬಂದು ಪಡಸಾಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು. ಗಂಗವ್ವ ನನ್ನನ್ನು ಪ್ರೀತಿಯಿಂದ ಬರಮಾಡಿಕೊಂಡು ಮಜ್ಜಿಗೆ ಕೊಟ್ಟು, ಬುತ್ತಿಯ ಗಂಟು ಬಿಚ್ಚಿದರು. ಘಮ ಇಡೀ ಮನೆಗೆ ಹರಡಿತು. ಶಿವವ್ವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಆ ಬುಟ್ಟಿಯಲ್ಲಿತ್ತು.

ಆಮೇಲೆ ಗಂಗವ್ವ ಒಳಗಿನಿಂದ ತಾಟುಗಳನ್ನು ತಂದು ಪಡಸಾಲೆಯ ಉದ್ದಕ್ಕೂ ಸಾಲಾಗಿ ಹಚ್ಚಿದರು.

ನಮ್ಮ ಕಡೆಯವರಿಗೆ ಬುತ್ತಿ ಬೀರುವುದು ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಸೊಸೆಯ ತವರಿನಿಂದ ಬಂದ ತಿನಿಸನ್ನು ಮನೆಯಲ್ಲೇ ಇಟ್ಟುಕೊಂಡು ತಿನ್ನಬಾರದು, ಓಣಿಯ ಮನೆಮನೆಗೂ ಹಂಚಬೇಕು. ಹಂಚಿದರೆ ತವರಿಗೂ ಮಾನ, ಅತ್ತೆಮನೆಗೂ ಮಾನ. ಒಳ್ಳೆಯ ಪದ್ಧತಿಯೇ. ಸೀಮಂತಕ್ಕೋ ಹಬ್ಬಕ್ಕೋ ಒಮ್ಮೆ ಬೀರಿದರೆ ಯಾರ ಗಂಟೂ ಹೋಗುವುದಿಲ್ಲ. ಗಂಗವ್ವ, ನಾನು ಹೇಳಿ ತರಿಸಿದ ಪಥ್ಯದ ಊಟವನ್ನು ವಾರವಾರ ಬೀರುತ್ತಿದ್ದರು. ಒಂದೊಂದು ತಾಟಿಗೆ ಒಂದು ರೊಟ್ಟಿ, ಅರ್ಧ ಹೋಳಿಗೆ, ಉಸಳಿ, ಒಂದು ಉಂಡಿ. ಓಣಿ ದೊಡ್ಡದು. ತಾಟಿನ ಸಾಲು ಮುಗಿಯುವಷ್ಟರಲ್ಲಿ ಬುಟ್ಟಿಯ ತಳ ಕಾಣಿಸಿತು.

ಆ ತಾಟುಗಳನ್ನು ಮನೆಮನೆಗೆ ಒಯ್ದವಳು ಯಾರು ಗೊತ್ತೇ? ಸುನಂದಾ. ತವರಿನ ಬುತ್ತಿಯನ್ನು ಸೊಸೆಯೇ ಒಯ್ದುಕೊಟ್ಟರೆ ಚೆಂದವಂತೆ. ಏಳು ತುಂಬಿ ಎಂಟಕ್ಕೆ ಬಿದ್ದ ಬಸುರಿ, ತಲೆ ತುಂಬ ಸೆರಗು ಹೊದ್ದು, ಮೇ ತಿಂಗಳ ಬಿಸಿಲಿನಲ್ಲಿ, ತನ್ನ ಕೂಸಿನ ಪಾಲನ್ನು ತಾನೇ ಹೊತ್ತು ಹಂಚಿ ಬರುತ್ತಿದ್ದಳು. ತಿರುಗಿ ಬಂದ ಖಾಲಿ ತಾಟುಗಳಲ್ಲಿ ಒಂದೊಂದು ಚಿಟಿಕೆ ಸಕ್ಕರೆ ಇತ್ತು, ಬರಿದಾದ ತಾಟು ವಾಪಸು ಕೊಡಬಾರದು ಎಂದು. ಅಷ್ಟರಲ್ಲಿ ಬಸವರಾಜ, ಮಾವ, ಹೊಲದ ಆಳುಗಳು ಬಂದು ಊಟಕ್ಕೆ ಕುಳಿತರು. ಅವಳೇ ಬಡಿಸಿದಳು. ಅವರದಾದ ಮೇಲೆ ಗಂಗವ್ವ, ಶಿವವ್ವ ಕುಳಿತರು, ನನಗೂ ಒಂದು ಮಣೆ ಹಾಕಿದರು. ನಾನು ಕುಳಿತುಕೊಳ್ಳಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ, ಸುನಂದಾ ಒಲೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬೆಳಗಿನ ತಣ್ಣನೆಯ ಒಂದು ಜೋಳದ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಪಲ್ಯದ ಪಾತ್ರೆ ಬರಿದಾಗಿತ್ತು. ಪಕ್ಕದಲ್ಲಿ ಒಂದು ಲೋಟ ಚಹಾ. ಹೊಟ್ಟೆ ತುಂಬಿಸಿಕೊಳ್ಳಲು ಆ ಮನೆಯಲ್ಲಿ ಅವಳಿಗೆ ಬೇಕಾದಷ್ಟು ಸಿಗುತ್ತಿದ್ದದ್ದು ಚಹಾ ಒಂದೇ.

ನನ್ನ ಮೈಯೆಲ್ಲ ಉರಿಯಿತು. ನಾನು ತಿಂಗಳುಗಟ್ಟಲೆ ಹೇಳಿದ್ದ ಸಜ್ಜೆ, ಕಾಳು, ಶೇಂಗಾ ಎಲ್ಲ ಆ ಓಣಿಗೆ ಚೆನ್ನಾಗಿ ಹತ್ತಿತ್ತು. ಅಲ್ಲಿನವರ ರಕ್ತ ಪರೀಕ್ಷೆ ಮಾಡಿದ್ದರೆ ನನಗೊಂದು ಪ್ರಶಸ್ತಿ ಸಿಗುತ್ತಿತ್ತೇನೋ. ಪಡಸಾಲೆಗೆ ಬಂದು ಗಂಗವ್ವನನ್ನು ನೇರವಾಗಿ ಕೇಳಿದೆ, ಈ ಮನೆಯಲ್ಲಿ ಬಸುರಿ ಯಾರು, ನಿಮ್ಮ ಓಣಿಯೋ ನಿಮ್ಮ ಸೊಸೆಯೋ?

"ತವರಿನ ಬುತ್ತಿ ನಾವೊಬ್ಬರ ಮುಚ್ಚಿಟ್ಕೊಂಡ್ ತಿಂದ್ರ ಮಂದಿ ಏನಂದಾರ್ರಿ?" ಎಂದರು ಗಂಗವ್ವ. "ನಮ್ದು ದಾಸೋಹದ ಮನಿ. ಈ ಹೊಸ್ತಲಾ ದಾಟಿ ಯಾರೂ ಹಸಕೊಂಡ್ ಹೋಗಿಲ್ಲ."

ಹೋಗಿಲ್ಲ ನಿಜ, ಹೋಗಲಾರದವಳು ಒಳಗೇ ಹಸಿದುಕೊಂಡಿದ್ದಾಳೆ ಎಂದೆ. ದಾಸೋಹದ ಪಂಕ್ತಿಯಿಂದ ಸೊಸೆಯನ್ನು ಎಬ್ಬಿಸಿ ಎಂದು ಯಾವ ಶರಣರು ಹೇಳಿದ್ದಾರೆ ಎಂದೂ ಕೇಳಿದೆ. ಗಂಗವ್ವನ ಮುಖ ಕಪ್ಪಿಟ್ಟಿತು. ಶಿವವ್ವನ ಕಡೆ ತಿರುಗಿ, ನೀನಾದರೂ ಮಗಳಿಗೆಂದು ಬೇರೆ ಕಟ್ಟಿ ಅವಳ ಕೈಗೇ ಕೊಡಬಾರದಿತ್ತೇ ಎಂದೆ. ಹಾಗೆ ಮಾಡಿದರೆ ಬೀಗರ ಮೇಲೆ ನಂಬಿಕೆ ಇಲ್ಲ ಅಂದಂತಾಗುತ್ತದೆ ಎಂದಳು ಆಕೆ, ಕಣ್ಣಲ್ಲಿ ನೀರು ತಂದುಕೊಂಡು. ಆ ಕಣ್ಣೀರಿಗೂ ನನಗೆ ಸಿಟ್ಟೇ ಬಂತು. ಇಬ್ಬರು ತಾಯಂದಿರು ಸೇರಿ ತಮ್ಮ ತಮ್ಮ ಮಾನ ಕಾಯುತ್ತಿದ್ದರು. ಒಂದು ಕೂಸು ಹೋದ ಮನೆಯಲ್ಲಿ ಇನ್ನೊಂದು ಕೂಸನ್ನು ಕಾಯುವವರು ಯಾರೂ ಇರಲಿಲ್ಲ.

ಮುಂದೆ ನಾನು ಮಾಡಿದ್ದನ್ನು ಯಾವ ಡಯಟೀಶಿಯನ್ ಪಾಠದಲ್ಲೂ ಕಲಿಸುವುದಿಲ್ಲ. ಸಕ್ಕರೆ ಚಿಟಿಕೆಯ ಆ ತಾಟುಗಳನ್ನು ಬಾಚಿಕೊಂಡು ಓಣಿಗೆ ಬಂದೆ. ಕಟ್ಟೆಗಳ ಮೇಲೆ ಕುಳಿತ ಹೆಂಗಸರು ಹೋಳಿಗೆ ತಿನ್ನುತ್ತಿದ್ದರು. ನೀವು ತಿನ್ನುತ್ತಿರುವುದು ಡಾಕ್ಟರು ಆ ಹುಡುಗಿಗೆ ಬರೆದುಕೊಟ್ಟ ಔಷಧಿ ಎಂದು ಗಟ್ಟಿಯಾಗಿ ಹೇಳಿದೆ. ಅವಳ ರಕ್ತ ಎಷ್ಟಿದೆ, ಕೂಸು ಎಷ್ಟು ಸಣ್ಣದಿದೆ, ಹೋದ ಸಲ ಏನಾಯಿತು, ಎಲ್ಲ ಹೇಳಿದೆ. ರೋಗಿಯ ವಿಷಯವನ್ನು ಬೀದಿಯಲ್ಲಿ ಆಡಬಾರದು ಎಂಬುದು ನನಗೆ ಗೊತ್ತು. ಆ ಹೊತ್ತಿನಲ್ಲಿ ನನಗೆ ಬೇರೆ ದಾರಿ ಕಾಣಲಿಲ್ಲ. ಎದುರು ಮನೆಯ ಬಾಳವ್ವ ಎಂಬ ಮುದುಕಿ ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ಕೂತಳು.

"ನಮಗೇನ್ ಗೊತ್ತಬೇ. ಮನಿ ತುಂಬ ಇಟ್ಕೊಂಡು ಉಳದದ್ದು ಕಳಿಸ್ತಾರ ಅನ್ಕೊಂಡಿದ್ವಿ," ಎಂದಳು.

ಬರಿದಾದ ತಾಟು ವಾಪಸು ಕೊಡಬಾರದು ಅನ್ನುತ್ತೀರಲ್ಲ, ಚಿಟಿಕೆ ಸಕ್ಕರೆಯಿಂದ ಅದು ತುಂಬಿದಂತಾಯಿತೇ ಎಂದೆ. ದಿನಕ್ಕೊಂದು ಮನೆಯವರು ತಾಟಿನ ತುಂಬ ಸೊಪ್ಪು, ಕಾಳು, ರೊಟ್ಟಿ ಹಾಕಿಕೊಂಡು ಹೋಗಬೇಕು. ಗಂಗವ್ವನ ಕೈಗೆ ಕೊಡಬಾರದು, ಸುನಂದಾಳ ಮುಂದಿಟ್ಟು, ಅವಳು ಉಂಡು ಮುಗಿಸುವತನಕ ಕೂತು, ತಾಟು ತಗೊಂಡು ಬರಬೇಕು ಎಂದೂ ಹೇಳಿದೆ. ಕೆಲವರು ಈ ಹೆಂಗಸು ಯಾರು ನಮಗೆ ಹೇಳುವವಳು ಎಂಬಂತೆ ಮುಖ ತಿರುವಿದರು. ಬಾಳವ್ವ ಎದ್ದು ಬಂದು ಮೇಲಿನ ತಾಟು ತೆಗೆದುಕೊಂಡಳು.

ಎರಡು ದಿನ ಬಿಟ್ಟು ಬಸವರಾಜ ಆಸ್ಪತ್ರೆಗೆ ಬಂದ, ಮುಖ ಗಂಟಿಕ್ಕಿಕೊಂಡು. ಊರ ಮುಂದೆ ಅವ್ವನ ಮಾನ ಕಳೆದಿರಿ, ಅವ್ವ ಅನ್ನ ಬಿಟ್ಟಿದ್ದಾಳೆ ಎಂದ. ಅವ್ವ ಅನ್ನ ಬಿಟ್ಟಿದ್ದು ಎರಡೇ ದಿನದಲ್ಲಿ ನಿನಗೆ ತಿಳಿಯಿತಲ್ಲ, ನಿನ್ನ ಹೆಂಡತಿ ನಿನ್ನೆ ಯಾವಾಗ ಉಂಡಳು ಹೇಳು ಎಂದೆ. ನಾನು ಹೊಲಕ್ಕೆ ಹೋಗಿದ್ದೆ ಎಂದ. ಮೊನ್ನೆ? ಮದುವೆಯಾದಾಗಿನಿಂದ ಒಂದು ದಿನವಾದರೂ ಅವಳು ಉಣ್ಣುವುದನ್ನು ನೋಡಿದ್ದೀಯಾ? ಕೆಟ್ಟವನಲ್ಲ ಆ ಹುಡುಗ. ನಿಂತಲ್ಲೇ ಯೋಚಿಸಿದ. ನೆನಪಿಗೆ ಬರಲಿಲ್ಲ ಎಂದು ಕಾಣುತ್ತದೆ, ಹೊರಟುಹೋದ.

ಓಣಿಯ ಸುದ್ದಿ ಆಮೇಲೆ ಬಾಳವ್ವನಿಂದ ತಿಳಿಯಿತು. ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಂದವಳು ನನ್ನ ಕೋಣೆಯಲ್ಲಿ ಕೂತು ನಗುನಗುತ್ತಾ ಹೇಳಿದಳು. ಮೊದಲು ಹೋದವಳು ಅವಳೇ. ಗಂಗವ್ವ ಮಾತಾಡಿಸಲೇ ಇಲ್ಲವಂತೆ. ಎರಡನೇ ಮನೆಯವರು ಹೋದಾಗಲೂ ಅಷ್ಟೇ. ಆಮೇಲೆ ಒಂದು ದಿನ ತಾಟು ಹಿಡಿದು ಹೋದರೆ ಸುನಂದಾ ಪಡಸಾಲೆಯಲ್ಲಿ, ಗಂಡಸರ ಪಂಕ್ತಿಗೂ ಮೊದಲು, ಮಣೆಯ ಮೇಲೆ ಕೂತಿದ್ದಳಂತೆ. ಗಂಗವ್ವ ಎದುರಿಗೆ ನಿಂತು ಬಡಿಸುತ್ತಿದ್ದರಂತೆ. ಊರವರು ಬಂದು ನನ್ನ ಸೊಸೆಗೆ ಉಣಿಸುವುದೆಂದರೆ ನನ್ನ ಮುಖಕ್ಕೆ ಹೊಡೆದ ಹಾಗೆ ಎಂದಿದ್ದರಂತೆ.

"ಆಕಿದ್ ಊಟ ಆಗೇತಿ, ಹೊಟ್ಟಿ ತುಂಬೇತಿ ಅಂತಾಳ್ರಿ ಗಂಗವ್ವ. ನಾವ್ ಬಿಡ್ತೀವೇನ್? ಕುಂತು ಇನ್ನೆರಡು ತುತ್ತು ತಿನಿಸೇ ಬರ್ತೀವಿ," ಎಂದಳು ಬಾಳವ್ವ.

ಅವಳ ಜೊತೆ ನಾನೂ ನಕ್ಕೆ. ಆದರೆ ಅವಳು ಹೋದ ಮೇಲೆ ಮತ್ತೆ ಸಿಟ್ಟು ಬಂತು. ಒಂದು ಕೂಸು ಸತ್ತರೂ, ಡಾಕ್ಟರು ಬಾಯಿಬಿಟ್ಟು ಹೇಳಿದರೂ ಆ ಮನೆಯಲ್ಲಿ ಊಟದ ಸರದಿ ಬದಲಾಗಿರಲಿಲ್ಲ. ಮಂದಿ ಏನಂದಾರು ಎಂಬ ಒಂದೇ ಮಾತಿಗೆ ಬದಲಾಯಿತು. ಸೊಸೆಯನ್ನು ಹಸಿವಿಗೆ ತಳ್ಳಿದ ಮಾತೂ ಅದೇ ಆಗಿತ್ತು. ಪ್ರೀತಿಯಿಂದ ಬಡಿಸಿದರೇನು, ಹಟದಿಂದ ಬಡಿಸಿದರೇನು, ಕೂಸಿಗೆ ಮುಟ್ಟಿದರೆ ಸಾಕು ಎಂದು ಡಾಕ್ಟರು ಸಮಾಧಾನ ಹೇಳಿದರು. ಅವರು ಹೇಳಿದ್ದು ಸರಿ. ನನಗೆ ಸಮಾಧಾನ ಆಗಲಿಲ್ಲ.

ಜೂನ್ ಕೊನೆಯಲ್ಲಿ ಸುನಂದಾಳಿಗೆ ಹೆರಿಗೆಯಾಯಿತು. ಆಗ ಹಿಮೋಗ್ಲೋಬಿನ್ 10.2 ಇತ್ತು. ಅದರಲ್ಲಿ ಡ್ರಿಪ್ಪಿನ ಪಾಲು ದೊಡ್ಡದೇ, ಇಲ್ಲವೆನ್ನುವುದಿಲ್ಲ. ಹೆಣ್ಣು ಕೂಸು, ಎರಡು ಕಿಲೋ ಆರುನೂರು ಗ್ರಾಂ. ಆ ಆರುನೂರು ಗ್ರಾಂ ಮಾತ್ರ ತಾಟಿನದು ಎಂದು ನಾನು ಇವತ್ತಿಗೂ ಜಗಳಾಡಿ ಹೇಳುತ್ತೇನೆ.

ಆ ಪ್ರಕರಣದ ನಂತರ ನಾನು ನನ್ನ ಮೊದಲ ಪ್ರಶ್ನೆಯನ್ನೇ ಬದಲಿಸಿದೆ. ಹೆಣ್ಣುಮಗಳು ಮುಂದೆ ಬಂದು ಕುಳಿತರೆ ನಿನ್ನೆ ಏನು ತಿಂದಿ ಎಂದು ಕೇಳುವುದನ್ನು ಬಿಟ್ಟು, ನಿನ್ನೆ ಯಾರು ಯಾರು ಉಂಡ ಮೇಲೆ ನೀನು ಉಂಡಿ ಎಂದು ಕೇಳತೊಡಗಿದೆ. ಉತ್ತರ ಹೇಳುವ ಮೊದಲು ಬಹಳ ಜನ ಪಕ್ಕದಲ್ಲಿ ಕೂತ ಅತ್ತೆಯ ಮುಖ ನೋಡುತ್ತಿದ್ದರು. ಸೊಪ್ಪು, ಕಾಳು, ನಿಂಬೆಹಣ್ಣು, ಎಲ್ಲ ಆಮೇಲಿನ ಮಾತು. ಎಲ್ಲರ ಜೊತೆ ಕೂತು ಬಿಸಿ ಊಟ ಮಾಡು ಎನ್ನುವುದಕ್ಕಿಂತ ಸುಲಭದ ಸಲಹೆ ನನ್ನ ಬಳಿ ಇರಲಿಲ್ಲ. ಅದಕ್ಕಿಂತ ಕಷ್ಟದ್ದೂ ಇರಲಿಲ್ಲ. ಇಡೀ ಕೆಲಸದ ಜೀವನದಲ್ಲಿ ನಾನು ಕಲಿತದ್ದು ಇಷ್ಟೇ, ಅದೂ ನಿವೃತ್ತಿಯ ಹೊಸ್ತಿಲಲ್ಲಿ.

ಹೆರಿಗೆಯ ಮರುದಿನ ವಾರ್ಡಿಗೆ ಹೋದೆ. ಸುನಂದಾ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ದಿಂಬಿಗೆ ಒರಗಿದ್ದಳು. ಶಿವವ್ವ ಮೇಲವಂಕಿಯಿಂದ ಬಾಣಂತಿಗೆಂದು ಅಂಟಿನ ಉಂಡಿ ಮಾಡಿ ತಂದಿದ್ದಳು. ದೊಡ್ಡ ಸ್ಟೀಲ್ ಡಬ್ಬಿ. ಗಂಗವ್ವ ಅದರ ಮುಚ್ಚಳ ತೆಗೆದು, ನಗುತ್ತಾ, ನರ್ಸುಗಳನ್ನೂ ಪಕ್ಕದ ಮಂಚದವರನ್ನೂ ಕರೆದರು. ನನ್ನನ್ನು ಕಂಡವರೇ ಹಳೆಯದನ್ನೆಲ್ಲ ಮರೆತವರ ಹಾಗೆ ಮೊದಲ ಉಂಡಿಯನ್ನು ನನ್ನ ಕಡೆಗೇ ಚಾಚಿದರು. ನಾನು ಬಾಯಿ ತೆರೆದೆ, ತಿನ್ನುವುದಕ್ಕಲ್ಲ, ಬೈಯುವುದಕ್ಕೆ. ಅಷ್ಟರಲ್ಲಿ ಮಂಚದ ಮೇಲಿನಿಂದ ದನಿ ಬಂತು. ಅತ್ತೆಯ ಎದುರು ಅವಳು ತಾನಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅತ್ತಿ, ಡಬ್ಬಿ ಇಲ್ಲೆ ಕೊಡ್ರಿ."

ಗಂಗವ್ವ ನನ್ನ ಮುಖ ನೋಡಿದರು, ಬೀಗತಿಯ ಮುಖ ನೋಡಿದರು, ಕಾದು ನಿಂತ ನರ್ಸುಗಳನ್ನೂ ನೋಡಿದರು. ಆಮೇಲೆ ಡಬ್ಬಿಯನ್ನು ಮಂಚದ ಮೇಲಿಟ್ಟರು. ಸುನಂದಾ ಒಂದು ಉಂಡಿ ತೆಗೆದು ನಿಧಾನಕ್ಕೆ ತಿಂದಳು. ಎಲ್ಲರೂ ನಿಂತು ನೋಡುತ್ತಿದ್ದರು, ಅವಳಿಗೆ ಅವಸರವಿರಲಿಲ್ಲ. ಇನ್ನೊಂದು ತೆಗೆದು ಅದನ್ನೂ ತಿಂದಳು. ಸೆರಗಿನ ತುದಿಯಿಂದ ಕೈ ಒರೆಸಿಕೊಂಡು, ಡಬ್ಬಿಯನ್ನು ಅತ್ತೆಯ ಕಡೆ ಸರಿಸಿದಳು.

"ಈಗ ಬೀರ್ರಿ," ಎಂದಳು.